ಅರಸನ ಧರ್ಮವೂ ಪ್ರಜೆಯ ಹಕ್ಕೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನಮಗೆ ಒಪ್ಪಿಸಿರುವ ವಿಷಯವು ರಾಜಕಾರಣದ ಮೇಲೆಯೂ ಸರಕಾರದ ನೀತಿಯ ಮೇಲೆಯೂ ಧರ್ಮವು ಬೀರುವ ಪ್ರಭಾವವನ್ನು ಕುರಿತದ್ದು. ದೇವಾಲಯದ ಅಂಗಳದಲ್ಲಿ ಇಂತಹ ಮಾತನ್ನೆತ್ತುವುದು ತರವೇ ಎಂದು ತಮ್ಮಲ್ಲಿ ಕೆಲವರು ಶಂಕಿಸಿರಬಹುದು. ನಾವು ರಾಜಕಾರಣದ ಗೊಡವೆಗೆ ಹೋಗದಿದ್ದರೂ ರಾಜಕಾರಣವು ನಮ್ಮ ಗೊಡವೆಗೆ ಬಾರದೆ ಇರುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸುವ ದಿನ ನಮ್ಮ ಕೈಗೆ ಬರುವ ಅರ್ಜಿಯಲ್ಲಿ ‘ಧರ್ಮ’ ಎಂಬ ಒಂದು ಕಲಮು, ‘ಜಾತಿ’ ಎಂಬ ಇನ್ನೊಂದು ಕಲಮು ಇರುತ್ತವೆ. ಆ ಎರಡು ಕಲಮುಗಳ ನಡುವೆ ನಮ್ಮ ಎಷ್ಟೋ ಕುಟುಂಬಗಳು 1950ರಿಂದ ಸಿಕ್ಕಿಕೊಂಡಿವೆ. ಇಂದು ಮುಖ್ಯವಾಗಿ ಆಡಬೇಕೆಂದಿರುವುದು ಆ ಮಾತನ್ನೇ. ಆದರೆ ಅದಕ್ಕೆ ಮೊದಲು ನಾವು ನಿಂತಿರುವ ನೆಲ ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಸ್ವಲ್ಪ ಕೇಳೋಣ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. ಜಿಲ್ಲೆ ಹೊಸದು, ನೆಲ ಬಹು ಹಳೆಯದು. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ, ಅದಕ್ಕೆ ಸಮೀಪದ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ನಮ್ಮ ಮಕ್ಕಳೆಲ್ಲ ಬಲ್ಲರು. 1931ರಲ್ಲಿ ಬೆಳಕಿಗೆ ಬಂದ ಆ ಬರಹದಲ್ಲಿ ಅರಸನು ತೆರಿಗೆಯ ಮಾತನ್ನಾಗಲಿ ದಂಡಿನ ಮಾತನ್ನಾಗಲಿ ಎತ್ತುವುದಿಲ್ಲ. ತಾನು ಬುದ್ಧನ ಉಪಾಸಕನಾದುದನ್ನೂ, ಮೊದಲೊಂದು ವರ್ಷ ಅಷ್ಟಾಗಿ ಉತ್ಸಾಹ ತೋರದೆ ಆಮೇಲೆ ಶ್ರದ್ಧೆಯಿಂದ ನಡೆದುದನ್ನೂ ಹೇಳಿಕೊಂಡು, ದೊಡ್ಡವರೇ ಆಗಬೇಕೆಂದಿಲ್ಲ, ಸಣ್ಣವರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂದು ಸಾರುತ್ತಾನೆ. ಅರಸನ ಅಂತರಂಗದ ಶ್ರದ್ಧೆಯು ಸರಕಾರಿ ಪ್ರಕಟಣೆಯಾಗಿ ಬಂಡೆಯ ಮೇಲೆ ಮೂಡಿದ್ದಕ್ಕೆ ಈ ದೇಶದಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಗಳು ಹೆಚ್ಚಿಲ್ಲ. ಧರ್ಮವನ್ನು ಆಡಳಿತದಿಂದ ದೂರವಿಡಬೇಕೆಂದು ಇಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ನಮ್ಮೂರಿನ ಬೆಟ್ಟವೇ ಆ ಎರಡನ್ನು ಒಟ್ಟಿಗೆ ಹೊತ್ತುಕೊಂಡು ನಿಂತಿದೆ.

ಅದೇ ಅಶೋಕನು ಇನ್ನೊಂದು ಶಾಸನದಲ್ಲಿ ಎಲ್ಲ ಪಂಥಗಳವರನ್ನೂ ತಾನು ಗೌರವಿಸುವುದಾಗಿಯೂ, ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ತೆಗಳುವವನು ತನ್ನದಕ್ಕೇ ಕೇಡು ಮಾಡಿಕೊಳ್ಳುವನೆಂದೂ ತಿಳಿಸಿದ್ದಾನೆ. ಈ ಹನ್ನೆರಡನೆಯ ಬಂಡೆಶಾಸನದ ಒಂದು ಪ್ರತಿ 1980ರ ದಶಕದಲ್ಲಿ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ, ಒಂದು ಗುಡಿಯಲ್ಲಿ ಸಿಕ್ಕಿತು. ಅರಸನಿಗೆ ಧರ್ಮಶ್ರದ್ಧೆ ಇರುವುದು ಒಂದು ಮಾತು. ಆ ಶ್ರದ್ಧೆಯನ್ನು ಅಳತೆಗೋಲಾಗಿ ಹಿಡಿದು ಪ್ರಜೆಗಳನ್ನು ಮೇಲು ಕೀಳೆಂದು ವಿಂಗಡಿಸುವುದು ಬೇರೊಂದು ಮಾತು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ನಮ್ಮ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಗಂಗಾವತಿಗೆ ಬರೋಣ. ತುಂಗಭದ್ರೆಯ ಉತ್ತರದ ದಡದಲ್ಲಿರುವ ಆನೆಗೊಂದಿಯ ಹೆಸರನ್ನು ವಿಜಯನಗರದ ಇತಿಹಾಸ ಓದಿದವರೆಲ್ಲರೂ ಕೇಳಿದ್ದಾರೆ. ಆದರೆ 1368ರಲ್ಲಿ ಆ ಊರಿನ ಜೈನರು ಅರಸನ ಬಳಿಗೆ ದೂರು ಒಯ್ದ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅವರು ಅಲ್ಪಸಂಖ್ಯಾತರು, ಅರಸನು ಅವರ ಮತದವನಲ್ಲ. ಆದರೂ ಬುಕ್ಕರಾಯನು ಎರಡೂ ಕಡೆಯ ಮುಖಂಡರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ದರ್ಶನಕ್ಕೂ ಆ ದರ್ಶನಕ್ಕೂ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ವಿಧಿಸಿದನು. ಜೈನರಿಗೆ ಆಗುವ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೆಂದೇ ಭಾವಿಸಬೇಕೆಂದೂ ಹೇಳಿದನು. ಬೆಳ್ಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನ ಮೇಲೆ, ಎಂದರೆ ವೈಷ್ಣವರ ಮೇಲೆಯೇ, ಬಿದ್ದಿತು. ಶ್ರವಣಬೆಳಗೊಳದಲ್ಲಿ ಈ ಶಾಸನವು ಇಂದಿಗೂ ಇದೆ.

ಈ ಕಥೆಯನ್ನು ಸಭೆಗಳಲ್ಲಿ ಹೇಳುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಶಾಸನದಲ್ಲಿ ಇನ್ನೊಂದು ಸಾಲಿನ ವಿಷಯವಿದೆ. ಆ ಕಾವಲುಗಾರರ ಖರ್ಚಿಗಾಗಿ ಜೈನರ ಪ್ರತಿಯೊಂದು ಮನೆಯೂ ವರ್ಷಕ್ಕೊಂದು ಹಣವನ್ನು ಕೊಡಬೇಕಾಗಿತ್ತು. ಉಳಿದ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕಾಗಿತ್ತು. ಅನ್ಯಾಯಕ್ಕೆ ಒಳಗಾದವರೇ ತಮ್ಮ ಕಾವಲಿನ ವೆಚ್ಚವನ್ನೂ ಭರಿಸಿದರು! ಅರಸನ ನ್ಯಾಯ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೂ ಅಲ್ಪಸಂಖ್ಯಾತರಿಗೆ ದೊರೆತುದು ದೊರೆಯ ಕೃಪೆಯೇ ಹೊರತು ಹಕ್ಕಲ್ಲ. ಮುಂದಿನ ದೊರೆ ಹೇಗಿರುವನೋ ಎಂಬ ಅಂಜಿಕೆ ಅವರ ಮನಸ್ಸಿನಿಂದ ದೂರವಾಗಿರಲಾರದು.

ನಮ್ಮ ಕಥೋಲಿಕ ಪೂರ್ವಿಕರೂ ಈ ಸೀಮೆಯಲ್ಲಿ ಇಂತಹ ಕೃಪೆಯಲ್ಲಿಯೇ ಬಾಳಿದವರು. ನೆರೆಯ ಮುದಗಲ್ಲಿನಲ್ಲಿ ಬಿಜಾಪುರದ ಸುಲ್ತಾನರ ಕಾಲದಿಂದಲೂ ಕ್ರೈಸ್ತ ಸಮುದಾಯವೊಂದು ಮುಸಲ್ಮಾನ ಅರಸರ ಆಶ್ರಯದಲ್ಲಿ ಉಳಿದು ಬಂದುದನ್ನು ನಮ್ಮ ಹಿರಿಯರು ಕೃತಜ್ಞತೆಯಿಂದ ನೆನೆಯುತ್ತಾರೆ.

ಮುಂದೆ ನಿಜಾಮರ ಆಳ್ವಿಕೆ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. ಆನೆಗೊಂದಿ ಒಂದು ಸಣ್ಣ ಸಂಸ್ಥಾನವಾಗಿತ್ತು. ಮಸೀದಿ, ಗುಡಿ, ದೇವಾಲಯಗಳ ವ್ಯವಹಾರ ನೋಡಿಕೊಳ್ಳಲು ನಿಜಾಮ್ ಸರಕಾರದಲ್ಲಿ ಪ್ರತ್ಯೇಕ ಧಾರ್ಮಿಕ ಇಲಾಖೆಯೇ ಇದ್ದು, ಹಲವು ಮತಗಳ ಸಂಸ್ಥೆಗಳಿಗೆ ಸಹಾಯ ದೊರೆಯುತ್ತಿದ್ದುದೂ ಉಂಟು. ಆದರೆ ಕೊನೆಗಾಲದಲ್ಲಿ ರಾಜ್ಯವೇ ಒಂದು ಮತದ ಸೊತ್ತೆಂಬ ಭಾವನೆ ಬೆಳೆದು, ಖಾಸಿಂ ರಜವಿಯ ರಜಾಕಾರರು ತಲೆಯೆತ್ತಿದಾಗ ನಮ್ಮ ಹಳ್ಳಿಗಳ ಜನರು ಗಡಿ ದಾಟಿ ಮುಂಡರಗಿಯ ಶಿಬಿರವನ್ನು ಸೇರಬೇಕಾಯಿತು. ಅಳವಂಡಿಯ ಶಿವಮೂರ್ತಿಸ್ವಾಮಿಯವರು ಅಲ್ಲಿಂದ ಹೋರಾಟ ನಡೆಸಿದುದು ಈ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. 1948ರ ಸೆಪ್ಟೆಂಬರ್ 17ರಂದು ಆ ಅಧ್ಯಾಯ ಮುಗಿಯಿತು. ಮುಗಿದ ಬಳಿಕ ಹೈದರಾಬಾದು ಪ್ರಾಂತದ ಹಲವೆಡೆ ಏನೂ ಅರಿಯದ ಬಡ ಮುಸಲ್ಮಾನರು ಪ್ರತೀಕಾರಕ್ಕೆ ಗುರಿಯಾದರೆಂಬುದನ್ನೂ ಸೇರಿಸಿಯೇ ಹೇಳಬೇಕು. ರಾಜ್ಯಕ್ಕೆ ಒಂದು ಮತದ ಬಣ್ಣ ಬಳಿದವರು ಅರಮನೆಯವರು. ಆ ಬಣ್ಣದ ಬೆಲೆ ತೆತ್ತವರು ಗುಡಿಸಲಿನವರು.

ಇಂತಹ ಅನುಭವಗಳಿಂದ ಬಂದವರೇ ನಮ್ಮ ಸಂವಿಧಾನವನ್ನು ರಚಿಸಿದರು. ಆ ಸಭೆಯಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರುಗಳಾದ ಜೆರೋಮ್ ಡಿಸೋಜರವರು ಮದರಾಸಿನಿಂದ ಸದಸ್ಯರಾಗಿದ್ದರೆಂಬುದು ಕನ್ನಡನಾಡಿನ ಕಥೋಲಿಕರಿಗೆ ಹೆಮ್ಮೆಯ ವಿಷಯ. ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿಯವರೂ ಕ್ರೈಸ್ತರೇ. 1949ರ ಮೇ ತಿಂಗಳಲ್ಲಿ, ಮತದ ಆಧಾರದ ಮೇಲೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ ಸರದಾರ ಪಟೇಲರ ಸಮಿತಿಯ ಸಲಹೆಗೆ ಕ್ರೈಸ್ತ ಮುಖಂಡರು ಮನಃಪೂರ್ವಕ ಸಮ್ಮತಿಯಿತ್ತರು. ನಾವು ಕೃಪೆಯನ್ನು ಬೇಡಲಿಲ್ಲ, ಪಾಲನ್ನೂ ಕೇಳಲಿಲ್ಲ. ಸಮಾನ ಪ್ರಜೆಗಳಾಗಿ ಬಾಳುತ್ತೇವೆಂದು ಮಾತು ಕೊಟ್ಟೆವು. ಇಪ್ಪತ್ತೈದನೆಯ ಅನುಚ್ಛೇದದಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವು ಎಲ್ಲರಿಗೂ ದೊರೆಯಿತು. ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದಿತು.

ಅದೇ ವರ್ಷದ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆಜ್ಞೆಯೊಂದು ಹೊರಬಿತ್ತು. ಪರಿಶಿಷ್ಟ ಜಾತಿಗಳ ಪಟ್ಟಿಯೇ ಅದು. ಅದರ ಮೂರನೆಯ ಪರಿಚ್ಛೇದವು, ಹಿಂದೂ ಧರ್ಮಕ್ಕಿಂತ ಭಿನ್ನವಾದ ಧರ್ಮವನ್ನು ಅನುಸರಿಸುವ ಯಾವನನ್ನೂ ಪರಿಶಿಷ್ಟ ಜಾತಿಯವನೆಂದು ಎಣಿಸತಕ್ಕದ್ದಲ್ಲವೆಂದು ವಿಧಿಸಿತು. ಇದರ ಬೇರು ಆಂಗ್ಲರ ಕಾಲದ್ದು. 1936ರ ಆಜ್ಞೆಯೂ ಭಾರತೀಯ ಕ್ರೈಸ್ತರನ್ನು ಹೊರಗಿಟ್ಟಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಈ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ಅದು ಮುಚ್ಚಿಯೇ ಉಳಿಯಿತು. ಪ್ರತಿವರ್ಷ ಆಗಸ್ಟ್ ಹತ್ತನ್ನು ನಮ್ಮ ಧರ್ಮಸಭೆಯು ಕರಾಳ ದಿನವೆಂದು ಆಚರಿಸುವುದು ಇದೇ ಕಾರಣದಿಂದ.

ಕಾಗದದ ಮೇಲಿನ ಒಂದು ಪರಿಚ್ಛೇದವು ಒಬ್ಬ ಮನುಷ್ಯನ ಬಾಳಿಗೆ ಏನು ಮಾಡಬಲ್ಲುದೆಂಬುದಕ್ಕೆ ಸೂಸೈ ಎಂಬವರ ಮೊಕದ್ದಮೆಯನ್ನು ನೋಡಬಹುದು. ಅವರು ಮದರಾಸಿನ ಮೌಂಟ್ ರಸ್ತೆಯ ಒಂದು ಮೂಲೆಯಲ್ಲಿ ಬೀದಿಬದಿ ಕುಳಿತು ಚಪ್ಪಲಿ ಹೊಲಿಯುತ್ತಿದ್ದರು. ಬೀದಿಬದಿಯ ಚಮ್ಮಾರರು ಬಿಸಿಲು ಮಳೆಯಲ್ಲಿ ಕೂರದಂತೆ ಅವರಿಗೆ ಪುಕ್ಕಟೆಯಾಗಿ ಪೆಟ್ಟಿಗೆ ಅಂಗಡಿಗಳನ್ನು ಕೊಡುವ ಯೋಜನೆಯೊಂದು ಸರಕಾರದಿಂದ ಬಂದಿತು. ಕಸುಬು ಅದೇ, ಬೀದಿ ಅದೇ, ಹುಟ್ಟಿದ ಆದಿದ್ರಾವಿಡ ಕುಲವೂ ಅದೇ. ಆದರೆ ಸೂಸೈ ಕ್ರೈಸ್ತರಾಗಿದ್ದುದರಿಂದ ಅವರಿಗೆ ಪೆಟ್ಟಿಗೆ ಅಂಗಡಿ ದೊರೆಯಲಿಲ್ಲ. ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1985ರಲ್ಲಿ ಬಂದ ತೀರ್ಪು ಅವರಿಗೆ ವಿರುದ್ಧವಾಯಿತು. ಮತಾಂತರದ ನಂತರವೂ ಜಾತಿ ಉಳಿಯುವುದೆಂದು ತೋರಿಸಿದರೆ ಸಾಲದು, ಕ್ರೈಸ್ತ ಸಮಾಜದೊಳಗೂ ಆ ಜಾತಿಯವರು ಅಷ್ಟೇ ತೀವ್ರವಾದ ಹೀನಸ್ಥಿತಿಯನ್ನು ಅನುಭವಿಸುತ್ತಿದ್ದಾರೆಂದು ಆಧಾರಸಮೇತ ಸಿದ್ಧಪಡಿಸಬೇಕೆಂಬುದು ನ್ಯಾಯಾಲಯದ ಅಭಿಪ್ರಾಯ. ಅದರ ಹಿಂದಿನ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಮತಾಂತರದಿಂದ ಜಾತಿಗೆ ಗ್ರಹಣ ಹಿಡಿಯುವುದೆಂದೂ, ಮರಳಿ ಹಿಂದೂ ಧರ್ಮಕ್ಕೆ ಬಂದೊಡನೆ ಗ್ರಹಣ ಬಿಡಬಹುದೆಂದೂ ಹೇಳಿತ್ತು.

ಗ್ರಹಣದ ಉಪಮೆ ಚೆನ್ನಾಗಿದೆ. ಆದರೆ ಹಳ್ಳಿಯಲ್ಲಿ ಆ ಗ್ರಹಣ ಯಾರಿಗಾದರೂ ಕಾಣಿಸುತ್ತದೆಯೇ? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಕೇರಿಯ ಗುಡಿಸಲುಗಳಿಗೆ ಬೆಂಕಿಯಿಟ್ಟರು. ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿಲ್ಲವೆಂಬುದು ಆ ಊರಿನಲ್ಲಿ ಎದ್ದ ಜಗಳದ ಮೂಲದಲ್ಲಿತ್ತು. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಪ್ರಕರಣವು ಆಮೇಲೆ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಓಡಿ ಹೋಗಿ ಹನುಮಂತನ ಗುಡಿಯೊಳಗೆ ಕಾಲಿಟ್ಟಿತೆಂದು, ಶುದ್ಧೀಕರಣದ ಹೆಸರಿನಲ್ಲಿ ಆ ಕುಟುಂಬಕ್ಕೆ ಸಾವಿರಾರು ರೂಪಾಯಿ ದಂಡ ಹೇರಲು ಹೊರಟರು. ಅಧಿಕಾರಿಗಳು ಬಂದು ತಡೆದರು, ಕೆಲವರ ಬಂಧನವೂ ಆಯಿತು.

ಈ ಎರಡು ಊರುಗಳ ಹೆಸರನ್ನು ನಾವು ಯಾರನ್ನೂ ಹಳಿಯುವುದಕ್ಕಾಗಿ ಎತ್ತಲಿಲ್ಲ. ಆ ಕೇರಿಗಳಲ್ಲಿ ನೊಂದವರ ಬೆನ್ನಿಗೆ 1989ರ ದೌರ್ಜನ್ಯ ತಡೆ ಕಾಯಿದೆ ಎಂಬ ಒಂದು ಗಟ್ಟಿ ಕಾನೂನು ನಿಂತಿತ್ತು. ಈಗ ಅಂತಹದೇ ಒಂದು ಕೇರಿಯಲ್ಲಿ ಪ್ರಭು ಯೇಸುವನ್ನು ನಂಬಿದ ಒಂದು ಮನೆಯಿದೆಯೆಂದು ಭಾವಿಸೋಣ. ಬೆಂಕಿ ಇಡುವವನು ಆ ಮನೆಯ ಮುಂದೆ ನಿಂತು, ನಿಮ್ಮ ಧರ್ಮ ಯಾವುದೆಂದು ಕೇಳುವನೇ? ಅವನಿಗೆ ಕೇರಿ ಗೊತ್ತು, ಕುಲ ಗೊತ್ತು, ಅಷ್ಟು ಸಾಕು. ಧರ್ಮ ಯಾವುದೆಂದು ಕೇಳುವುದು ಮರುದಿನ ದೂರು ಬರೆದುಕೊಳ್ಳುವ ಠಾಣೆಯವರು. ಬರೆಸಿದ ಧರ್ಮ ಕ್ರೈಸ್ತವಾದರೆ ಆ ಕಾಯಿದೆ ಅನ್ವಯಿಸದು. 2025ರಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಒಬ್ಬ ಪಾದ್ರಿಯ ಪ್ರಕರಣದಲ್ಲಿ ಹೀಗೆಯೇ ತೀರ್ಪಿತ್ತಿತು. ಮೀಸಲಾತಿಯೆಂದರೆ ನೌಕರಿಯ ಆಸೆ ಎಂದು ಮೂಗು ಮುರಿಯುವವರು ಈ ಮಾತನ್ನು ಯೋಚಿಸಬೇಕು. ಇಲ್ಲಿ ಪ್ರಶ್ನೆ ನೌಕರಿಯದಷ್ಟೇ ಅಲ್ಲ. ಮಾಡಿನ ಮೇಲಿನ ಹುಲ್ಲಿನದು.

ಚುನಾವಣೆಯಲ್ಲಿಯೂ ಹೀಗೆಯೇ. ನಮ್ಮ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳ ಪೈಕಿ ಕನಕಗಿರಿಯು ಪರಿಶಿಷ್ಟ ಜಾತಿಗೆ ಮೀಸಲು. ದಲಿತ ಕ್ರೈಸ್ತನು ಅಲ್ಲಿ ಮತ ಹಾಕಬಹುದು, ಬಾವುಟ ಹಿಡಿಯಬಹುದು, ಘೋಷಣೆ ಕೂಗಬಹುದು. ನಾಮಪತ್ರ ಮಾತ್ರ ಸಲ್ಲಿಸಲಾರ. ಗ್ರಾಮ ಪಂಚಾಯಿತಿಯ ಮೀಸಲು ಸ್ಥಾನಕ್ಕೂ ಅದೇ ನಿಯಮ.

ಸರಕಾರದ ಪಕ್ಷದಲ್ಲಿ ವಾದವೇ ಇಲ್ಲವೆಂದು ನಾವು ಹೇಳಲಾರೆವು. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲ, ಆದುದರಿಂದ ಜಾತಿಯ ಬಾಧೆಯೂ ಇರಲಾರದು ಎಂಬುದು ಅದರ ಮುಖ್ಯ ವಾದ. ಈ ಮಾತನ್ನು ಅವರಿಗೆ ಕಲಿಸಿಕೊಟ್ಟವರು ನಾವೇ. ಪೀಠದಿಂದ ಎಲ್ಲರೂ ಒಂದೇ ದೇಹದ ಅಂಗಗಳೆಂದು ಬೋಧಿಸುತ್ತೇವೆ. ಆದರೆ ದಕ್ಷಿಣ ಭಾರತದ ಎಷ್ಟೋ ಧರ್ಮಕೇಂದ್ರಗಳಲ್ಲಿ ಸ್ಮಶಾನದ ಗೋಡೆಗಳೂ ಮೆರವಣಿಗೆಯ ದಾರಿಗಳೂ ಬೇರೊಂದು ಬೋಧನೆ ಮಾಡಿವೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆಯು ನಡೆದುಬಂದಿದೆಯೆಂದು ಮರೆಮಾಚದೆ ಒಪ್ಪಿಕೊಂಡಿತು. ಕೆಲವರು ಇದರಿಂದ ನಮ್ಮ ಮಾನ ಹೋಯಿತೆಂದರು. ನಮ್ಮ ಅಭಿಪ್ರಾಯದಲ್ಲಿ ಅದು ಬಹಳ ತಡವಾಗಿ ಆಡಿದ ಒಳ್ಳೆಯ ಮಾತು. ಸತ್ಯವನ್ನು ಒಳಗೆ ಮುಚ್ಚಿಟ್ಟುಕೊಂಡು ನ್ಯಾಯಾಲಯದಲ್ಲಿ ನ್ಯಾಯ ಕೇಳುವುದು ಹೇಗೆ?

ಇನ್ನೊಂದು ವಾದ ಈಗಾಗಲೇ ಪಟ್ಟಿಯಲ್ಲಿರುವ ದಲಿತ ಬಂಧುಗಳದ್ದು. ಇರುವ ಒಂದು ರೊಟ್ಟಿಗೆ ಇನ್ನಷ್ಟು ಕೈಗಳು ಚಾಚಿದರೆ ತಮ್ಮ ಪಾಲೇನಾಗುವುದೆಂದು ಅವರು ಅಂಜುತ್ತಾರೆ. ಈ ಅಂಜಿಕೆ ಸಹಜ. ಅದನ್ನು ದ್ವೇಷವೆಂದು ತಿಳಿಯುವುದು ತಪ್ಪು. ನಮ್ಮ ಬೇಡಿಕೆಯು ಅವರ ತಟ್ಟೆಯಿಂದ ಕಿತ್ತುಕೊಳ್ಳುವ ಬೇಡಿಕೆಯಾಗಬಾರದು. ರೊಟ್ಟಿಯನ್ನು ದೊಡ್ಡದು ಮಾಡಿರೆಂಬ ಬೇಡಿಕೆಯನ್ನು ಅವರೊಡನೆ ಕೂಡಿಯೇ ಮುಂದಿಡಬೇಕು. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರ ಆಯೋಗವು ಪರಿಶಿಷ್ಟ ಜಾತಿಯ ಸ್ಥಾನಮಾನಕ್ಕೂ ಧರ್ಮಕ್ಕೂ ಗಂಟು ಹಾಕಬಾರದೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಅರ್ಜಿಯು ಇಪ್ಪತ್ತು ವರ್ಷಗಳಾದರೂ ಇತ್ಯರ್ಥವಾಗಲಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗವನ್ನು ನೇಮಿಸಿ ಎರಡು ವರ್ಷಗಳ ಅವಧಿ ಕೊಟ್ಟಿತು, ಬಳಿಕ ಆ ಅವಧಿಯನ್ನು ವಿಸ್ತರಿಸಿತು. ಆಯೋಗದ ಮೇಲೆ ಆಯೋಗ ಬರುತ್ತಿರುವಾಗ ಸೂಸೈ ಅವರ ಮೊಕದ್ದಮೆಯ ಕಾಲದ ಮಕ್ಕಳು ಅಜ್ಜಂದಿರಾಗಿದ್ದಾರೆ.

ನಮ್ಮ ರಾಜ್ಯದ ಸ್ಥಿತಿ ಸ್ವಲ್ಪ ಭಿನ್ನ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ ಒಂದರಲ್ಲಿಯೂ, ಇತರ ಕ್ರೈಸ್ತರಿಗೆ ಮೂರು ಬಿ ಯಲ್ಲಿಯೂ ಸ್ಥಾನವಿದೆ. ಇದನ್ನು ಅರಿಯದೆ ನಮ್ಮವರು ಎಷ್ಟೋ ಮಂದಿ ಸೌಲಭ್ಯ ಕಳೆದುಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯಾಂಪುಗಳಲ್ಲಿ ನೆಲೆಸಿರುವ ಕೂಲಿಕಾರ ಕುಟುಂಬಗಳಿಗಂತೂ ಯಾವ ಪತ್ರ ಎಲ್ಲಿ ಕೇಳಬೇಕೆಂಬುದೇ ತಿಳಿಯದು. ಆದರೆ ಇದೇ ರಾಜ್ಯದಲ್ಲಿ 2021ರ ಡಿಸೆಂಬರ್ 23ರಂದು ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆಯು ಮತಾಂತರ ನಿಷೇಧದ ಮಸೂದೆಯನ್ನು ಅಂಗೀಕರಿಸಿತು. 2022ರ ಮೇ ತಿಂಗಳಲ್ಲಿ ಅದು ಸುಗ್ರೀವಾಜ್ಞೆಯಾಗಿ, ಅದೇ ವರ್ಷ ಕಾಯಿದೆಯಾಗಿ ಬಂದಿತು. ಮತಾಂತರವಾಗಬಯಸುವವನು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ಬಂಧುಗಳಷ್ಟೇ ಅಲ್ಲ, ಜೊತೆಯಲ್ಲಿ ಕೆಲಸ ಮಾಡುವವನೂ ದೂರು ಕೊಡಬಹುದು. ತಪ್ಪಿಲ್ಲವೆಂದು ಸಿದ್ಧಪಡಿಸುವ ಹೊಣೆ ಆಪಾದಿತನದು. ಮೊದಲಿನ ಮತಕ್ಕೆ ಮರಳಿದರೆ ಮಾತ್ರ ಅದು ಮತಾಂತರವಲ್ಲ. ದಲಿತರನ್ನಾಗಲಿ ಸ್ತ್ರೀಯರನ್ನಾಗಲಿ ಅಕ್ರಮವಾಗಿ ಮತಾಂತರಿಸಿದ್ದಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸ. 2023ರ ಜೂನ್ 15ರಂದು ಹೊಸ ಸರಕಾರದ ಸಚಿವ ಸಂಪುಟವು ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಸರಕಾರ ಬದಲಾದಂತೆ ನಂಬಿಕೆಯ ಸ್ವಾತಂತ್ರ್ಯದ ಗಾತ್ರವೂ ಬದಲಾಗುವುದಾದರೆ ಆನೆಗೊಂದಿಯ ಜೈನರಿಗೂ ನಮಗೂ ಏನು ಅಂತರ?

ಬಲಾತ್ಕಾರದಿಂದಾಗಲಿ ಆಮಿಷದಿಂದಾಗಲಿ ಮತಾಂತರಿಸುವುದು ಪಾಪವೆಂಬುದನ್ನು ಸರಕಾರ ನಮಗೆ ಕಲಿಸಬೇಕಾಗಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಲಾಗದೆಂದು ಸ್ಪಷ್ಟವಾಗಿ ಹೇಳಿದೆ. ಅರಸನು ಬಲವಂತಪಡಿಸಬಾರದು, ಗುರುವೂ ಬಲವಂತಪಡಿಸಬಾರದು.

ಇನ್ನು ಆನೆಗೊಂದಿಯ ಅಂಜನಾದ್ರಿಯ ವಿಷಯ. ಹನುಮಂತನ ಜನ್ಮಸ್ಥಳವೆಂದು ಕೋಟ್ಯಂತರ ಜನರು ಭಕ್ತಿಯಿಂದ ಕಾಣುವ ಆ ಬೆಟ್ಟದ ಅಭಿವೃದ್ಧಿಗೆ 2022ರ ಮುಂಗಡಪತ್ರದಲ್ಲಿ ನೂರು ಕೋಟಿ ರೂಪಾಯಿ ಘೋಷಿಸಲಾಯಿತು. 2023ರ ಚುನಾವಣೆಯಲ್ಲಿ ಹನುಮಂತನ ಹೆಸರು ರಾಜ್ಯದಾದ್ಯಂತ ಮತಬೇಟೆಯ ಕೂಗಾಯಿತು. ಒಂದು ಪಕ್ಷವು ಜೈಕಾರ ಹಾಕಿದರೆ ಇನ್ನೊಂದು ಪಕ್ಷವು ಆಂಜನೇಯನ ಗುಡಿಗಳನ್ನು ಅಭಿವೃದ್ಧಿಪಡಿಸುವ ಭರವಸೆಯಿತ್ತಿತು. 575 ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತುವ ಭಕ್ತನಿಗೆ ಇದರಿಂದ ಏನು ದೊರೆಯಿತೆಂಬುದನ್ನು ಅವನೇ ಹೇಳಬೇಕು. ನಮ್ಮವರಲ್ಲಿ ಕೆಲವರು ಆ ನೂರು ಕೋಟಿಯ ಬಗ್ಗೆ ಗೊಣಗುವುದನ್ನು ಕೇಳಿದ್ದೇವೆ. ಗೊಣಗುವ ಮುನ್ನ ಒಂದು ಮಾತು ನೆನೆಯಬೇಕು. ದೇವಾಲಯಗಳ ದುರಸ್ತಿಗೆ, ಸಮುದಾಯ ಭವನಕ್ಕೆ, ಸ್ಮಶಾನದ ಆವರಣ ಗೋಡೆಗೆ ಅಲ್ಪಸಂಖ್ಯಾತರ ಇಲಾಖೆಯ ಅನುದಾನವನ್ನು ರಾಜ್ಯದ ಕ್ರೈಸ್ತರೂ ಪಡೆದಿದ್ದಾರೆ. ಯಾತ್ರಿಕರಿಗೆ ದಾರಿ, ನೀರು, ಶೌಚಾಲಯ ಕಟ್ಟಿಸುವುದು ಯಾವ ಸರಕಾರಕ್ಕೂ ಭೂಷಣವೇ. ಗೋಡೆ ಕಟ್ಟಿಸಿಕೊಟ್ಟವರಿಗೆ ಮತ ಕೊಡಿರೆಂದು ಕೇಳುವ ಕ್ಷಣದಿಂದ ಅದು ಬೇರೆಯಾಗುತ್ತದೆ, ಕೇಳುವವರು ಯಾವ ಮತದವರೇ ಆಗಿರಲಿ. ನಮ್ಮ ಗುರುಗಳು ಪೂಜಾಪೀಠದಿಂದ ಪಕ್ಷದ ಹೆಸರು ಹೇಳಬಾರದೆಂದು ನಾವು ವಿನಯದಿಂದ ಬಯಸುವುದೂ ಇದಕ್ಕಾಗಿಯೇ. 1983ರ ಧರ್ಮಸಭೆಯ ಕಾನೂನು ಸಂಹಿತೆಯು ಗುರುಗಳು ಅಧಿಕಾರದ ಸ್ಥಾನಗಳನ್ನು ವಹಿಸಿಕೊಳ್ಳುವುದನ್ನೇ ನಿಷೇಧಿಸಿದೆ.

ಹಾಗಾದರೆ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಅನೇಕ ಕುಟುಂಬಗಳು ಎರಡು ಹೆಸರು ಇಟ್ಟುಕೊಂಡಿವೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಭಾನುವಾರ ಕ್ರೈಸ್ತರು, ತಹಸೀಲ್ದಾರರ ಕಚೇರಿಯಲ್ಲಿ ಹಿಂದೂಗಳು. 2024ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯ ಒಬ್ಬ ಮಹಿಳೆಯ ಪ್ರಕರಣದಲ್ಲಿ, ದೀಕ್ಷಾಸ್ನಾನ ಪಡೆದು ದೇವಾಲಯಕ್ಕೆ ಹೋಗುತ್ತ ಉದ್ಯೋಗಕ್ಕಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆಯೆಂದು ಹೇಳಿತು. ಕಾನೂನಿನ ದೃಷ್ಟಿಯಿಂದ ಆ ಮಾತಿಗೆ ಉತ್ತರವಿಲ್ಲ. ಆದರೆ ಎರಡು ಹೆಸರು ಇಟ್ಟುಕೊಂಡವರನ್ನು ಸುಳ್ಳುಗಾರರೆಂದು ಬೈಯಲು ನಮಗೆ ನಾಲಿಗೆ ಬಾರದು. ಮಗಳ ವಿದ್ಯಾರ್ಥಿವೇತನವೋ, ನಂಬಿಕೆಯ ಹೆಸರೋ ಎಂದು ಒಬ್ಬ ಕೂಲಿಕಾರ ತಂದೆಯನ್ನು ಆರಿಸಿಕೊಳ್ಳಹಚ್ಚಿದುದು ಆ ಮೂರನೆಯ ಪರಿಚ್ಛೇದ. ಶ್ರೀಮಂತ ಕ್ರೈಸ್ತನಿಗೆ ಇಂತಹ ಆಯ್ಕೆಯ ಸಂಕಟ ಎಂದೂ ಬರುವುದಿಲ್ಲ. ಅವನ ನಂಬಿಕೆಗೆ ಬೆಲೆಯಿಲ್ಲ. ಬಡವನ ನಂಬಿಕೆಗೆ ಮಾತ್ರ ಸರಕಾರ ಬೆಲೆ ಕಟ್ಟಿದೆ. ಇಷ್ಟಾದರೂ ಎಲ್ಲ ಕಡೆಯೂ ಕ್ರೈಸ್ತರೆಂದೇ ಬರೆಸಿ ನಷ್ಟವನ್ನು ನುಂಗಿಕೊಂಡ ಮನೆಗಳು ಈ ಸೀಮೆಯಲ್ಲಿ ಉಂಟು. ನೂರು ವರ್ಷದ ಈ ದೇವಾಲಯದ ಅಡಿಗಲ್ಲಿನಲ್ಲಿ ಅವರ ಹೆಸರಿಲ್ಲ.

ಕೊನೆಯದಾಗಿ ಕೆಲಸದ ಮಾತು. 2025ರ ಸೆಪ್ಟೆಂಬರ್ 22ರಂದು ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ, ಜಾತಿಗಳ ಹೆಸರಿನೊಡನೆ ‘ಕ್ರೈಸ್ತ’ ಎಂಬ ಪದ ಸೇರಿಸಿದ್ದ ಹಲವು ಹೆಸರುಗಳ ಬಗ್ಗೆ ದೊಡ್ಡ ಗದ್ದಲವೆದ್ದು, ಅವುಗಳಲ್ಲಿ ಬಹುಪಾಲನ್ನು ಪಟ್ಟಿಯಿಂದ ಮರೆಮಾಡಲಾಯಿತು. ಅಂತಹ ಹೆಸರುಗಳು ಇರಬಾರದೆಂದವರೂ ಇರಬೇಕೆಂದವರೂ ಕ್ರೈಸ್ತರಲ್ಲಿಯೇ ಇದ್ದರು. ಏನು ಬರೆಸಬೇಕೆಂದು ಆಗ ನಮ್ಮ ಜನರಿಗೆ ಸರಿಯಾಗಿ ತಿಳಿಯದೆ ಒಬ್ಬೊಬ್ಬರು ಒಂದೊಂದು ಬರೆಸಿದರು. 2027ರ ಮಾರ್ಚ್ 1ನ್ನು ಆಧಾರದಿನವಾಗಿ ಇಟ್ಟುಕೊಂಡ ರಾಷ್ಟ್ರೀಯ ಜನಗಣತಿಯಲ್ಲಿ ಜಾತಿಯ ಎಣಿಕೆಯೂ ಸೇರಿದೆ. ಸೂಸೈ ಅವರ ಮೊಕದ್ದಮೆಯಲ್ಲಿ ನ್ಯಾಯಾಲಯವು ಕೇಳಿದ್ದು ಆಧಾರವನ್ನು. ಧರ್ಮದ ಕಲಮಿನಲ್ಲಿ ಕ್ರೈಸ್ತವೆಂದೂ, ಜಾತಿಯ ಕಲಮಿನಲ್ಲಿ ತಾವು ಹುಟ್ಟಿದ ಕುಲವನ್ನು ಸಂಕೋಚವಿಲ್ಲದೆಯೂ ಬರೆಸುವುದೇ ಯುಕ್ತವೆಂದು ನಮಗೆ ತೋರುತ್ತದೆ. ಹಾಗೆ ಬರೆಸುವುದರಿಂದ ಜಾತಿಯನ್ನು ಒಪ್ಪಿಕೊಂಡಂತಾಗುವುದಿಲ್ಲ; ಗಾಯವಿದ್ದಲ್ಲಿ ವೈದ್ಯನಿಗೆ ಬೆರಳು ಮಾಡಿ ತೋರಿಸಿದಂತಾಗುತ್ತದೆ.

ದೀಕ್ಷಾಸ್ನಾನದ ಪುಸ್ತಕದ ಹೆಸರೂ ಶಾಲೆಯ ದಾಖಲೆಯ ಹೆಸರೂ ಬೇರೆಬೇರೆಯಾಗಿರುವ ಕುಟುಂಬಗಳು ಪ್ರವರ್ಗ ಒಂದರ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಮೊದಲು, ಕಾನೂನು ಬಲ್ಲವರೊಬ್ಬರಲ್ಲಿ ವಿಚಾರಿಸುವುದು ಒಳಿತು. ಓದು ಬಾರದವರಿಗೆ ಅರ್ಜಿ ತುಂಬಿಕೊಡಲು ನಮ್ಮ ಯುವಕರಲ್ಲಿ ಏಳು ಮಂದಿ, ತಾಲೂಕಿಗೆ ಒಬ್ಬರಂತೆ, ಮುಂದೆ ಬಂದರೆ ಸಾಕು. ಅವರು ಇಂದಿನ ಊಟದ ನಂತರ ಹಿರಿಯರ ಬಳಿ ಹೆಸರು ಬರೆಸಬಹುದು.